ಧ್ವನಿ ೪೪೧೭ರ ಹೇಳಿಕೆ

ಬಣ್ಣಕ್ಕೆ ಕಿವಿ ಬಂದ ವರ್ಷವೇ ನಾನು ಜಿಲ್ಲಾ ನ್ಯಾಯಾಧೀಶೆಯಾಗಿ ನಿವೃತ್ತಳಾದೆ. ಗೋಡೆಗೆ ಬಳಿಯುವ ಬಣ್ಣದ ಮಾತನ್ನೇ ಹೇಳುತ್ತಿದ್ದೇನೆ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳನ್ನು ಅದರಲ್ಲಿ ಕಲಸಿರುತ್ತಾರೆ. ಎದುರು ಮನೆಯಲ್ಲಿ ಯಾರಾದರೂ ಮಾತಾಡಿದರೆ ಅವರ ಕಿಟಕಿಯ ಗಾಜು ಒಂದಿಷ್ಟು ನಡುಗುತ್ತದೆ, ನೆಲ ನಡುಗುತ್ತದೆ. ಆ ನಡುಕ ಬಂದು ಗೋಡೆಗೆ ತಾಗಿದಾಗ ಒಂದೊಂದು ಹರಳೂ ಚೂರು ವಿದ್ಯುತ್ತನ್ನು ಹುಟ್ಟಿಸುತ್ತದೆ. ಯಂತ್ರವೊಂದು ಅದನ್ನೆಲ್ಲ ಸೋಸಿ, ಮುನ್ನೂರು ಮೀಟರಿನೊಳಗಿನ ಒಂದೊಂದು ಗಂಟಲನ್ನೂ ಬೇರೆ ಮಾಡಿ ಇಡುತ್ತದೆ. ಇದನ್ನು ನನಗೆ ತಿಳಿಸಿ ಹೇಳಿದ ವಿಜ್ಞಾನಿಗೆ ನಾನು ಒಂದೇ ಪ್ರಶ್ನೆ ಕೇಳಿದ್ದೆ. "ಇದು ತಪ್ಪು ಕೇಳಿಸ್ಕೋತದೇನ್ರಿ?" "ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾಗೇ ಕೇಳಿಸ್ಕೊಳ್ಳುತ್ತೆ ಮೇಡಂ" ಅಂದರು. ಆ ಮಾತು ನಿಜ. ಆದರೆ ನನ್ನ ಪ್ರಶ್ನೆಯೇ ಸರಿ ಇರಲಿಲ್ಲ ಅನ್ನುವುದು ತಿಳಿಯಲು ಎರಡು ವರ್ಷ ಬೇಕಾಯಿತು.

ಪರದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳಿಗೆಲ್ಲ ಈ ಬಣ್ಣ ಬಳಿದರು. ಒಳಗಿರುವ ನಮ್ಮವರಿಗೆ ಹೊರಗಿನಿಂದ ಅಪಾಯ ಬರುವುದಾದರೆ ಮೊದಲೇ ಗೊತ್ತಾಗಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಕಂಡವರ ಅಡುಗೆಮನೆಯ ಮಾತು ಕೇಳುವ ಯಂತ್ರಕ್ಕೆ ಮೂಗುದಾರ ಬೇಡವೇ? ಅದಕ್ಕೊಂದು ಕಾಯ್ದೆ ಮಾಡಿದರು. ಕಲಂ ಒಂಬತ್ತರ ಪ್ರಕಾರ, ಯಂತ್ರ ಕೇಳಿಸಿಕೊಂಡ ಯಾರ ಹೆಸರನ್ನೇ ಆಗಲಿ ಆ ದೇಶದ ಪೊಲೀಸರಿಗೆ ಕೊಡಬೇಕಾದರೆ ನಿಗಾ ನ್ಯಾಯಾಧೀಶರ ಲಿಖಿತ ಆಜ್ಞೆ ಬೇಕು. ಬಣ್ಣ ಬಳಿಸಿದ ಇಲಾಖೆಯವರ ನೆರಳೂ ಬೀಳಬಾರದೆಂದು ಆ ಕಚೇರಿಯನ್ನು ದೆಹಲಿಯಲ್ಲಿಡದೆ ಬೇರೆ ಬೇರೆ ಊರುಗಳಿಗೆ ಹಂಚಿದರು. ಹೀಗೆ ಧಾರವಾಡದ ಸಪ್ತಾಪುರದಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ನೀಲಾಂಬಿಕಾ ಹಂಚಿನಮನಿ ಎಂಬ ನನಗೆ ಒಂದು ಕುರ್ಚಿ, ಒಂದು ಪರದೆ, ಒಂದು ಮುದ್ರೆ ಸಿಕ್ಕವು. ನನ್ನ ಪಾಲಿಗೆ ಬಂದದ್ದು ಓರಾನಿಯಾ ದೇಶ.

ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಪರದೆಯ ಮೇಲೆ ಆ ಇಲಾಖೆಯ ಉಪನಿರ್ದೇಶಕ ಕಾಂತರಾಜೇ ಅರಸ್ ಬಂದರು. ಮೈಸೂರಿನವರು, ನಯವಾದ ಮನುಷ್ಯ, ಯಾವ ಕೆಟ್ಟ ಸುದ್ದಿಯನ್ನೂ ಹಬ್ಬದ ಕರೆಯೋಲೆಯ ಹಾಗೆ ಹೇಳುತ್ತಾರೆ.

"ಮೇಡಂ, ಒಂದು ಅರ್ಜೆಂಟ್ ಫೈಲಿದೆ. ಸಂಜೆ ಐದರೊಳಗೆ ತಮ್ಮ ಆಜ್ಞೆ ಆಗಬೇಕು."

ಫೈಲಿನಲ್ಲಿ ಹೆಸರಿರುವುದಿಲ್ಲ. ಹೆಸರು, ಜಾತಿ, ಮುಖ ನೋಡಿ ನ್ಯಾಯಾಧೀಶರ ಮನಸ್ಸು ಆಚೀಚೆ ವಾಲಬಾರದೆಂದು ಬರೀ ನಂಬರು ಕೊಟ್ಟು, ಹೆಸರನ್ನು ಬೇರೆ ಲಕೋಟೆಯಲ್ಲಿ ಮುಚ್ಚಿಡುತ್ತಾರೆ. 'ಧ್ವನಿ ೪೪೧೭. ಹೆಣ್ಣು. ವಯಸ್ಸು ಸುಮಾರು ಮೂವತ್ತೈದು. ದೂರ ನೂರಾ ಹತ್ತು ಮೀಟರ್. ಮಾತು: ಶುಕ್ರವಾರ ಅವರ ಗೇಟಿನ ಮುಂದೆ ಬೆಂಕಿ. ಆಗಲಾದರೂ ಹೊರಗೆ ಬಂದು ನೋಡುತ್ತಾರೆ. ಇತರೆ ವಿವರ: ಸೋಮವಾರ ಹತ್ತು ಲೀಟರ್ ಸೀಮೆಎಣ್ಣೆ ಖರೀದಿ. ಅಪಾಯದ ಅಂದಾಜು: ಶೇಕಡ ತೊಂಬತ್ತೊಂದು.'

"ಒಳಗೆ ಮೂವತ್ತೊಂದು ಜನ ಇದ್ದಾರೆ ಮೇಡಂ. ಅದರಲ್ಲಿ ಆರು ಮಕ್ಕಳು" ಎಂದರು ಅರಸ್. "ಹೆಸರು ಕೊಟ್ಟುಬಿಟ್ಟರೆ ಅಲ್ಲಿನ ಪೊಲೀಸರು ನೋಡ್ಕೋತಾರೆ."

ಓರಾನಿಯಾದ ಪೊಲೀಸರು ಹೇಗೆ ನೋಡಿಕೊಳ್ಳುತ್ತಾರೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅಲ್ಲಿ ಕೋರ್ಟು ಇದೆ, ಬಾಗಿಲು ತೆರೆಯುವುದಿಲ್ಲ. ಕರೆದುಕೊಂಡು ಹೋದವರು ಎಲ್ಲಿದ್ದಾರೆಂದು ಮನೆಯವರು ಕೇಳುವ ಹಾಗಿಲ್ಲ. ನಾನು ಸಹಿ ಹಾಕಿದರೆ ಒಬ್ಬ ಹೆಣ್ಣುಮಗಳು ಆ ಬಾಗಿಲ ಹಿಂದೆ ಹೋಗುತ್ತಾಳೆ. ಹಾಕದಿದ್ದರೆ ಮೂವತ್ತೊಂದು ಜನ.

"ಊಟಾ ಮಾಡಿ ಬರ್ತೀನ್ರಿ" ಎಂದು ಎದ್ದೆ.

ಮನೆಯಲ್ಲಿ ಆ ಹೊತ್ತಿಗೆ ರಣರಂಗ. ನಮ್ಮ ಯಜಮಾನರು ಶಿವಯೋಗಪ್ಪನವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಸೀಟಿ ಊದಿ ಊದಿ ಬೆಳೆದ ಗಂಟಲು, ಇನ್ನೂ ಇಳಿದಿಲ್ಲ. ಹಿಂದಿನ ಮನೆಯವರು ಹೊಸದಾಗಿ ಹಾಕಿಸಿದ ಬೋರಿನ ಕೆಸರು ನೀರು ನಮ್ಮ ಹಿತ್ತಲಿಗೆ ನುಗ್ಗಿತ್ತು. ಯಜಮಾನರು ಪಂಚೆ ಎತ್ತಿ ಕಟ್ಟಿ ಸಲಿಕೆ ಹಿಡಿದು ನಡುಮನೆಯಲ್ಲಿ ನಿಂತಿದ್ದರು.

"ಇವತ್ತ ಅವನ್ನ ಕಡದ ಹಾಕೇ ಬಿಡ್ತೀನಿ! ಅವನ ಬೋರಿನಾಗ ಅವನ್ನೇ ಮುಳುಗಸ್ತೀನಿ!"

"ಅಲ್ರೀ, ಸಣ್ಣಗ ಮಾತಾಡ್ರಿ" ಎಂದು ಓಡಿ ಹೋಗಿ ಕಿಟಕಿ ಮುಚ್ಚಿದೆ. ಈ ಕೆಲಸಕ್ಕೆ ಸೇರಿದ ಮೇಲೆ ನನಗೆ ಇದೊಂದು ರೋಗ ಅಂಟಿಕೊಂಡಿದೆ. ಒಗ್ಗರಣೆ ಚೆನ್ನಾಗಿದೆ ಅನ್ನುವುದನ್ನೂ ಪಿಸುಗುಡುತ್ತೇನೆ. ಯಾಕೆಂದು ಯಜಮಾನರಿಗೆ ಹೇಳುವಂತಿಲ್ಲ, ಪ್ರಮಾಣ ಮಾಡಿದ್ದೇನೆ.

"ನನ್ನ ಮನ್ಯಾಗ ನಾ ಯಾಕ ಸಣ್ಣಗ ಮಾತಾಡ್ಲಿ?" ಎಂದು ಗುಡುಗಿದರು. ಸಲಿಕೆ ಗೋಡೆಗಿಟ್ಟು ಕೈಕಾಲು ತೊಳೆದರು. ಆಮೇಲೆ ಮಾಡಿದ್ದೇನು ಗೊತ್ತೇ? ಅದೇ ಹಿಂದಿನ ಮನೆಯವನಿಗೆ ಫೋನು ಹಚ್ಚಿ, "ಏ ತಮ್ಮಾ, ನಿಮ್ಮ ತಾಯಿಗೆ ಮೊಣಕಾಲ ಕಡಿಮ್ಯಾತೇನು? ಆ ನೀರಿಗೊಂದು ಪೈಪು ಕೊಡ್ಸೋ ಮಾರಾಯಾ" ಎಂದು ಕೇಳಿದರು. ಕೇಳಿ, ರೊಟ್ಟಿಗೆ ಕುಳಿತರು.

ನಾನು ತುತ್ತು ಕೈಯಲ್ಲಿ ಹಿಡಿದು ಹಾಗೇ ಕುಳಿತೆ. ಕಡಿದು ಹಾಕುತ್ತೇನೆ, ಮುಳುಗಿಸುತ್ತೇನೆ. ಕೈಯಲ್ಲಿ ಆಯುಧ. ನಮ್ಮ ಯಂತ್ರದ ಕೈಗೆ ಸಿಕ್ಕಿದ್ದರೆ ಶೇಕಡ ತೊಂಬತ್ತೊಂದಲ್ಲ, ತೊಂಬತ್ತೆಂಟು ಬರುತ್ತಿತ್ತು. ಅದು ಕೇಳಿಸಿಕೊಂಡಿದ್ದರಲ್ಲಿ ಒಂದಕ್ಷರ ತಪ್ಪಿರುತ್ತಿರಲಿಲ್ಲ. ಈ ಮನುಷ್ಯನನ್ನು ಮಾತ್ರ ಯಾರೂ ಒಂದು ಮಾತೂ ಕೇಳುತ್ತಿರಲಿಲ್ಲ.

ಮೂವತ್ತು ವರ್ಷ ನಾನು ಕೋರ್ಟಿನಲ್ಲಿ ಬಿಡದೆ ಪಾಲಿಸಿದ ಪದ್ಧತಿ ಒಂದಿದೆ. ಸಾಕ್ಷಿಯ ಹೇಳಿಕೆಯನ್ನು ಬೆರಳಚ್ಚು ಮಾಡಿದ ಮೇಲೆ ಅವನಿಗೇ ಓದಿ ಹೇಳಬೇಕು. ಸರಿ ಇದೆ ಅಂದ ಮೇಲೆಯೇ ಸಹಿ. ವಕೀಲರಿಗೆ ಬೇಸರ, ಬೆರಳಚ್ಚಿನವರಿಗೆ ಆಕಳಿಕೆ. ಆದರೆ ಎಷ್ಟು ಸಲ ಆ ಹೊತ್ತಿನಲ್ಲಿ ಸಾಕ್ಷಿ ತಲೆ ಎತ್ತಿ, "ಹಂಗಲ್ರೀ ಸಾಹೇಬ್ರ, ನಾ ಹೇಳಿದ್ದು ಬ್ಯಾರೆ" ಅಂದಿದ್ದಾನೆ! ಆ ಒಂದು ಮಾತಿನಿಂದ ನೇಣು ತಪ್ಪಿದ್ದನ್ನು ನಾನು ಕಂಡಿದ್ದೇನೆ. ಈ ಕಚೇರಿಗೆ ಬಂದ ಮೇಲೆ ಆ ಪದ್ಧತಿಯನ್ನು ಮರೆತುಬಿಟ್ಟಿದ್ದೆ. ಯಾಕೆ? ಇಲ್ಲಿ ಸಾಕ್ಷಿಯೇ ಎದುರಿಗೆ ಇರುವುದಿಲ್ಲ, ಬರೀ ನಂಬರು. ನಾಚಿಕೆಯಾಯಿತು ನನಗೆ. ರೊಟ್ಟಿ ಬಿಟ್ಟು ಎದ್ದೆ.

ಎರಡು ಗಂಟೆಗೆ ಅರಸ್ ಅವರನ್ನು ಪರದೆಗೆ ಕರೆದೆ. "ಕಲಂ ಹನ್ನೊಂದು ಓದ್ರಿ" ಎಂದೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. "ಆಜ್ಞೆಯಿಂದ ಬಾಧಿತರಾಗುವ ವ್ಯಕ್ತಿಯ ಹೇಳಿಕೆಯನ್ನು, ಕಾರ್ಯಸಾಧ್ಯವಾದಲ್ಲಿ, ಪಡೆಯತಕ್ಕದ್ದು... ಮೇಡಂ, ಇದು ಸುಮ್ಮನೆ ಅಲಂಕಾರಕ್ಕೆ ಇಟ್ಟಿರೋ ಕಲಂ. ಇದುವರೆಗೂ ಯಾರೂ ಬಳಸಿಲ್ಲ."

"ನಾ ಬಳಸ್ತೀನಿ. ಆ ಹೆಣ್ಣುಮಗಳನ್ನ ಕರಸ್ರಿ. ಆಕಿ ಮಾತು ಆಕಿಗೇ ಓದಿ ಹೇಳೋಣು."

ಅರಸ್ ಅವರ ನಯವೆಲ್ಲ ಹಾರಿಹೋಯಿತು. "ಏನು ಹೇಳ್ತಿದೀರಾ ಮೇಡಂ! ಓದಿ ಹೇಳಿದರೆ ನಾವು ಕೇಳಿಸ್ಕೋತಿದ್ದೀವಿ ಅಂತ ಗೊತ್ತಾಗೋಲ್ವಾ? ಇಡೀ ಬಣ್ಣದ ಗುಟ್ಟೇ ರಟ್ಟಾಗುತ್ತೆ!"

"ಆಗ್ಲಿ. ಮೂವತ್ತೊಂದು ಜನರಿಗೆ ರಕ್ಷಣೆ ಬೇಕು, ಖರೆ. ಗೇಟು ಹಾಕ್ರಿ, ಮಕ್ಕಳನ್ನ ಹಿಂದಿನ ಕಟ್ಟಡಕ್ಕ ಕಳಸ್ರಿ, ನೀರಿನ ಗಾಡಿ ತಂದು ನಿಲ್ಲಸ್ರಿ. ಅದಕ್ಕ ನನ್ನ ಆಜ್ಞಾ ಬೇಕಾಗಿಲ್ಲ. ಒಬ್ಬರನ್ನ ಪೊಲೀಸರ ಕೈಯಾಗ ಕೊಡಾಕ ಮಾತ್ರ ನನ್ನ ಸಹಿ ಬೇಕು. ಕೇಳದ ನಾ ಹಾಕೂದುಲ್ಲ."

ಅರ್ಧ ಗಂಟೆ ವಾದ ಮಾಡಿದರು. ದೇಶದ ಭದ್ರತೆ ಅಂದರು, ನನ್ನ ವಯಸ್ಸಿಗೆ ಗೌರವ ಅಂದರು, ಮೇಲಿನವರು ಅಂದರು. ನಾನು ಆಜ್ಞೆಯನ್ನು ಕೈಯಲ್ಲೇ ಬರೆದು ಮುದ್ರೆ ಒತ್ತಿ ಪರದೆಗೆ ಹಿಡಿದೆ.

ಓರಾನಿಯಾದ ನಮ್ಮ ಕಚೇರಿಯಲ್ಲಿ ಭದ್ರತಾ ಅಧಿಕಾರಿಯಾಗಿದ್ದವರು ದಿಗಂಬರ ತಾಂಡೇಲ, ಕಾರವಾರದವರು. ಅಲ್ಲಿದ್ದು ಐದು ವರ್ಷವಾಗಿ, ಆ ಭಾಷೆ ಅವರಿಗೆ ನೀರು ಕುಡಿದಷ್ಟು ಸಲೀಸು. ಆಜ್ಞೆಯಾದ ಕಾರಣ ಲಕೋಟೆ ಒಡೆದು ೪೪೧೭ರ ಹೆಸರನ್ನು ಅವರಿಗೆ ತಿಳಿಸಿದರು. ಪರದೆಯಲ್ಲಿ ಅವರ ಮುಖ ಬಿಳಿಚಿಕೊಂಡದ್ದನ್ನು ನಾನೇ ಕಂಡೆ.

"ಏನಾತ್ರಿ ತಾಂಡೇಲ?"

"ಮೇಡಂ, ಇವ್ಳು ಯೆಲ್ನಾ. ದೊರಿಮನ ಹೆಂಡ್ತಿ."

"ಯಾವ ದೊರಿಮ?"

"ನಮ್ಮಲ್ಲಿ ನೀರಿನ ಟ್ಯಾಂಕು ತೊಳೀತಿದ್ದ ಮೇಡಂ. ಎಂಟು ತಿಂಗಳ ಹಿಂದೆ ನೀವೇ..." ಎಂದು ನಿಲ್ಲಿಸಿದರು.

ಹಳೆಯ ಫೈಲು ತರಿಸಿದೆ. ಧ್ವನಿ ೨೯೦೬, ಗಂಡು. ಮಾತು: 'ಅವರ ಟ್ಯಾಂಕಿನಲ್ಲಿ ನಾನು ಏನು ಹಾಕಿದರೂ ಕೇಳುವವರಿಲ್ಲ. ಮೂವತ್ತು ಜನ ಅದನ್ನೇ ಕುಡಿಯುತ್ತಾರೆ.' ಅಪಾಯದ ಅಂದಾಜು ಶೇಕಡ ತೊಂಬತ್ತನಾಲ್ಕು. ಕೆಳಗೆ ನನ್ನ ಸಹಿ, ನನ್ನದೇ ದುಂಡು ಅಕ್ಷರ. ಫೈಲು ತೆರೆದ ವೇಳೆ ಮತ್ತು ಸಹಿ ಮಾಡಿದ ವೇಳೆ ಎರಡೂ ದಾಖಲಾಗಿದ್ದವು. ನಡುವೆ ಇದ್ದದ್ದು ಮೂರು ನಿಮಿಷ. ಉಡುವ ಸೀರೆ ಆರಿಸುವುದಕ್ಕೂ ನಾನು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಮರುದಿನ ಗುರುವಾರ ಮಧ್ಯಾಹ್ನ ತಾಂಡೇಲರು ಯೆಲ್ನಾಳನ್ನು ಕರೆತಂದು ಕೂರಿಸಿದರು. ಕೆಂಪು ಕೂದಲು, ಒಡೆದ ಬೆರಳುಗಳು, ತೊಡೆಯ ಮೇಲೆ ಒಂದು ಚೀಲ. ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ತಾಂಡೇಲರಿಂದ ಮೊದಲು ದುಭಾಷಿಯ ಪ್ರಮಾಣ ಮಾಡಿಸಿದೆ. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ, ಕೂಡಿಸುವುದಿಲ್ಲ, ಕಳೆಯುವುದಿಲ್ಲ ಅಂತ. ಆಮೇಲೆ ಆಕೆಯ ಮಾತನ್ನು ಆಕೆಗೆ ಓದಿಸಿದೆ.

ಆಕೆ ಬೆಚ್ಚಲಿಲ್ಲ. ಎದುರಿನ ಗೋಡೆಯನ್ನು ಒಮ್ಮೆ, ಕಿಟಕಿಯನ್ನು ಒಮ್ಮೆ ನೋಡಿದಳು.

"ಸರಿ ಇದೆ. ನಾನೇ ಹೇಳಿದ್ದು" ಎಂದಳು. ತಾಂಡೇಲರು ಒಂದೊಂದೇ ಮಾತನ್ನು ಕನ್ನಡಕ್ಕೆ ತಂದರು.

"ಬೆಂಕಿ ಯಾರ ಮ್ಯಾಲೆ?"

"ನಿಮ್ಮ ಮೇಲಲ್ಲ. ನನ್ನ ಮೇಲೆ."

ಅರಸ್ ಪರದೆಯ ಮೂಲೆಯ ತಮ್ಮ ಚೌಕದಲ್ಲಿ ಕೆಮ್ಮಿದರು.

"ಎಂಟು ತಿಂಗಳಿಂದ ಪೊಲೀಸರ ಬಾಗಿಲಿಗೆ ಹೋಗುತ್ತಿದ್ದೇನೆ. ಅಂಥವನು ಇಲ್ಲ ಅನ್ನುತ್ತಾರೆ. ನಿಮ್ಮ ಗೇಟಿಗೆ ಬಂದು ಕೇಳಿದೆ, ನಮಗೇನೂ ಗೊತ್ತಿಲ್ಲ ಅಂದರು. ಅವನು ಆ ದಿನ ನಿಮ್ಮಲ್ಲಿ ಕೆಲಸ ಮುಗಿಸಿ ಬರುವಾಗಲೇ ಹಿಡಿದರು. ನಾನು ಉರಿದರೆ ಯಾರಾದರೂ ಹೊರಗೆ ಬಂದು, ಯಾಕೆ ಅಂತ ಕೇಳುತ್ತಾರೆ. ಅಷ್ಟು ಸಾಕಿತ್ತು ನನಗೆ."

ಆ ಮಾತನ್ನು ಹೇಳಿಕೆಯಲ್ಲಿ ಬರೆದುಕೊಂಡೆ. ಆಮೇಲೆ ಆಕೆ ಕೇಳಿದಳು.

"ಅವನ ಹೆಸರನ್ನು ಕೊಟ್ಟದ್ದು ಯಾರು?"

ಅರಸ್ ಚೌಕದಲ್ಲಿ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಸನ್ನೆ ಮಾಡಿದರು. ನ್ಯಾಯಾಧೀಶರ ಹೆಸರು ಗೋಪ್ಯ, ಕಾಯ್ದೆಯೇ ಹಾಗನ್ನುತ್ತದೆ. ನಾನು ಹೆಸರು ಹೇಳಲಿಲ್ಲ. ಸತ್ಯವನ್ನು ಮಾತ್ರ ಹೇಳಿದೆ.

"ನಾನವ್ವಾ. ನಾನೇ ಸಹಿ ಮಾಡಿದ್ದು. ನಿನ್ನ ಗಂಡನ್ನ ಒಂದು ಮಾತೂ ಕೇಳಲಿಲ್ಲ. ತಪ್ಪು ಮಾಡೀನಿ."

ತಾಂಡೇಲರು ನನ್ನ ಮುಖ ನೋಡಿದರು. "ಪ್ರಮಾಣ ಮಾಡೀರಿ. ಹೇಳ್ರಿ" ಎಂದೆ. ಹೇಳಿದರು.

ಯೆಲ್ನಾ ಪರದೆಯ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

"ಹಾಗಾದರೆ ನೀನೇ ತಂದುಕೊಡು" ಎಂದಳು.

"ಸೀಮೆಎಣ್ಣೆ ಬಿಡು. ನನಗ ಟೈಮ್ ಕೊಡು."

"ಎಷ್ಟು ದಿನ?"

"ನನಗೂ ಗೊತ್ತಿಲ್ಲವ್ವಾ. ಆದ್ರ ಈ ಕುರ್ಚಿಯಿಂದ ಏಳೂದುಲ್ಲ."

"ಮೂರು ವಾರ" ಎಂದಳು ಯೆಲ್ನಾ. ಚೀಲವನ್ನು ಬಗಲಿಗೆ ಹಾಕಿಕೊಂಡು ಎದ್ದಳು. ಸೀಮೆಎಣ್ಣೆಯ ಡಬ್ಬಿಯನ್ನು ತಂದು ಕೊಡಬೇಕೆಂದು ತಾಂಡೇಲರು ಕೇಳಿದ್ದಕ್ಕೆ, ಮೂರು ವಾರದ ನಂತರ ನೋಡೋಣ ಅಂದಳಂತೆ.

ಆಕೆ ಹೋದ ಮೇಲೆ ಅರಸ್ ನನ್ನ ಮೇಲೆ ಹರಿಹಾಯ್ದರು. "ಆ ದೇಶದ ಜೈಲಿನಿಂದ ಒಬ್ಬನ್ನ ತರೋದಕ್ಕೆ ತಮಗೇನು ಅಧಿಕಾರ ಇದೆ ಮೇಡಂ? ಧಾರವಾಡದ ಆಜ್ಞೆ ಅಲ್ಲಿ ನಡೆಯುತ್ತಾ?"

"ನಡಿಯೂದುಲ್ಲ. ಆದ್ರ ನಿಮ್ಮ ಮ್ಯಾಲೆ ನಡೀತದಲ್ಲ?"

ಓರಾನಿಯಾದ ಪೊಲೀಸರಿಗೆ ನಮ್ಮ ಬಣ್ಣವೆಂದರೆ ಪ್ರಾಣ. ನಮ್ಮ ಕಚೇರಿಯ ಸುತ್ತ ವಿದ್ಯಾರ್ಥಿಗಳ ವಸತಿಗಳಿವೆ, ಒಂದು ಪತ್ರಿಕೆಯ ಕಚೇರಿ ಇದೆ. ನಾವು ಅಪಾಯ ಎಂದು ಕೊಡುವ ಹೆಸರುಗಳಲ್ಲಿ ಅವರಿಗೆ ಬೇಕಾದವರೂ ಸಿಗುತ್ತಿದ್ದರು. ತಿಂಗಳಿಗೆ ನಾಲ್ಕಾರು ಹೆಸರು, ಒಂದೊಂದಕ್ಕೂ ನನ್ನ ಮುದ್ರೆ. ಹೆಸರುಗಳು ಹೋಗುವ ಆ ಗಂಟಲನ್ನೇ ಹಿಡಿಯಬೇಕೆಂದು ನಿಶ್ಚಯ ಮಾಡಿದೆ. ಅಂದೇ ಎರಡನೆಯ ಆಜ್ಞೆ ಬರೆದೆ: 'ಧ್ವನಿ ೨೯೦೬ರ ವಿಷಯದಲ್ಲಿ ಈ ಪೀಠವು ಬಾಧಿತನ ಹೇಳಿಕೆ ಪಡೆಯದೆ ಆಜ್ಞೆ ಮಾಡಿದ್ದು ತಪ್ಪಾಗಿದೆ. ಸದರಿ ವ್ಯಕ್ತಿಯನ್ನು ಈ ಪೀಠದ ಪರದೆಯ ಮುಂದೆ ಜೀವಂತ ಹಾಜರುಪಡಿಸಿ ಹೇಳಿಕೆ ಪಡೆಯುವವರೆಗೆ ಓರಾನಿಯಾಕ್ಕೆ ಯಾವ ಹೆಸರನ್ನೂ ಕೊಡತಕ್ಕದ್ದಲ್ಲ.'

"ತಮ್ಮನ್ನು ತೆಗೆದುಹಾಕ್ತಾರೆ" ಎಂದರು ಅರಸ್.

"ಅದಕ್ಕ ಸಂಸತ್ತಿನ ಸಮಿತಿ ಕೂಡಬೇಕು. ಅವರು ಕೂಡೂದು ಮುಂದಿನ ತಿಂಗಳ. ಅಲ್ಲೀತನ ನಾ ಇಲ್ಲೇ ಇರ್ತೀನಿ."

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಯಂತ್ರ ಮೂರು ಹೆಸರು ಎತ್ತಿತು, ಮೂರನ್ನೂ ನಾನು ತಡೆದೆ. ನಮ್ಮ ಕಚೇರಿಯವರು ಗೇಟಿಗೆ ಕಾವಲು ಹೆಚ್ಚಿಸಿದರು, ಮಕ್ಕಳಿಗೆ ಮನೆಯಲ್ಲೇ ಪಾಠವಾಯಿತು. ಪ್ರತಿ ಮುಂಜಾನೆ ಎದ್ದಕೂಡಲೇ ನನಗೆ ಭಯ. ಅಲ್ಲಿ ಏನಾದರೂ ಆದರೆ ಆ ಮಕ್ಕಳ ಜೀವದ ಹೊಣೆ ನನ್ನ ಮೇಲೆ. ಆಗದಿದ್ದರೆ ಯೆಲ್ನಾಳ ಡಬ್ಬಿ ಅಲ್ಲೇ ಇದೆ. ಆದರೂ ಎರಡನೆಯ ಆಜ್ಞೆಯ ಒಂದು ಅಕ್ಷರವನ್ನೂ ಸಡಿಲಿಸಲು ನನಗೆ ಮನಸ್ಸಾಗಲಿಲ್ಲ. ಹೆದರಿಕೆ ಬೇರೆ, ಹಿಂದೆ ಸರಿಯುವುದು ಬೇರೆ.

ಒಂದು ಮುಂಜಾನೆ ಯಜಮಾನರು ಚಹಾದ ಕಪ್ಪು ಮುಂದಿಟ್ಟು ಎದುರಿಗೆ ಕುಳಿತರು.

"ಏ ನೀಲಾ, ಏನೋ ತಪ್ಪು ಮಾಡಿದವರಗತೆ ಕುಂತೀಯಲ್ಲ?"

"ಮಾಡೀನ್ರಿ."

"ಸರಿ ಮಾಡಾಕ ಬರ್ತದೇನು?"

"ಅದ ನಡದದ."

"ಹಂಗಾದ್ರ ಹೊಟ್ಟೀಗೆ ತಿಂದು ಮಾಡು. ಉಪವಾಸ ಕುಂತು ಏನು ಕಿತ್ತೀ?" ಎಂದು ಸೀಟಿಯ ಗಂಟಲಲ್ಲಿ ಗದರಿದರು. ಏನು ತಪ್ಪು, ಯಾರದು ಎಂದು ಒಂದು ಮಾತೂ ಕೇಳಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಆ ದಿನ ಅವರ ಮೇಲೆ ಬಂದಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ. ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಹತ್ತೊಂಬತ್ತನೆಯ ದಿನ ಅರಸ್ ಫೋನು ಮಾಡಿದರು. ಧ್ವನಿಯಲ್ಲಿ ನಯವೂ ಇರಲಿಲ್ಲ, ಕೋಪವೂ ಇರಲಿಲ್ಲ. "ಹೆಸರು ನಿಂತಿದ್ದಕ್ಕೆ ಅಲ್ಲಿನ ಪೊಲೀಸರು ಬಗ್ಗಿದ್ದಾರೆ. ನಾಳೆ ಹನ್ನೊಂದಕ್ಕೆ ದೊರಿಮನನ್ನು ಕರೆತರ್ತಾರಂತೆ ಮೇಡಂ. ನಮ್ಮ ಕಚೇರಿಗೇ." ಸ್ವಲ್ಪ ತಡೆದು, "ನನಗೂ ನಿದ್ದೆ ಇರಲಿಲ್ಲ ಈ ನಡುವೆ" ಎಂದರು.

ಮರುದಿನ ಹನ್ನೊಂದಕ್ಕೆ ದೊರಿಮ್ ಬಂದು ಕುಳಿತ. ತಾಂಡೇಲರು ತೋರಿಸಿದ್ದ ಹಳೆಯ ಫೋಟೋದಲ್ಲಿದ್ದ ಅಗಲ ಭುಜದವನು ಇವನೇ ಎಂದು ನನಗೆ ನಂಬಿಕೆ ಬರಲಿಲ್ಲ. ಯೆಲ್ನಾಗೆ ಬಂತು. ಅವಳು ಅವನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಓರಾನಿಯಾದ ಇಬ್ಬರು ಪೊಲೀಸರು ಬಾಗಿಲ ಹತ್ತಿರ ನಿಂತಿದ್ದರು. ಹೇಳಿಕೆ ಮುಗಿದ ಮೇಲೆ ಅವನನ್ನು ಮತ್ತೆ ಒಯ್ಯಬಾರದು, ಒಯ್ದರೆ ನನ್ನ ಆಜ್ಞೆ ಹಾಗೇ ಮುಂದುವರಿಯುತ್ತದೆ ಎಂದು ತಾಂಡೇಲರಿಂದ ಮೊದಲೇ ಹೇಳಿಸಿದೆ. ಅವರು ಯಾರಿಗೋ ಫೋನು ಮಾಡಿದರು, ಹೊರಗೆ ಹೋದರು, ತಿರುಗಿ ಬರಲಿಲ್ಲ.

ಎಂಟು ತಿಂಗಳ ಹಿಂದೆಯೇ ಮಾಡಬೇಕಾಗಿದ್ದನ್ನು ಆಗ ಮಾಡಿದೆ. ಅವನ ಮಾತನ್ನು ಅವನಿಗೆ ಓದಿಸಿದೆ. 'ಅವರ ಟ್ಯಾಂಕಿನಲ್ಲಿ ನಾನು ಏನು ಹಾಕಿದರೂ ಕೇಳುವವರಿಲ್ಲ. ಮೂವತ್ತು ಜನ ಅದನ್ನೇ ಕುಡಿಯುತ್ತಾರೆ.'

"ಇದು ನಿಮ್ಮ ಮಾತೇನು?"

"ನನ್ನದೇ" ಎಂದ. ಗಂಟಲು ಒಣಗಿತ್ತು, ತಾಂಡೇಲರು ನೀರು ಕೊಟ್ಟರು.

"ಇದರ ಅರ್ಥ ಏನು?"

ಅವನು ನನ್ನನ್ನು ಮಂಕು ಹಿಡಿದವರನ್ನು ನೋಡಿದಂತೆ ನೋಡಿದ. "ಅರ್ಥ ಏನಿದೆ ಅದರಲ್ಲಿ? ತಿಂಗಳಿಗೊಮ್ಮೆ ಬರುತ್ತಿದ್ದೆ, ಟ್ಯಾಂಕು ತೊಳೆಯುತ್ತಿದ್ದೆ, ಔಷಧಿ ಹಾಕುತ್ತಿದ್ದೆ. ಏನು ಹಾಕಿದೆ, ಎಷ್ಟು ಹಾಕಿದೆ ಅಂತ ಒಬ್ಬರೂ ಮೇಲೆ ಹತ್ತಿ ನೋಡಿದವರಿಲ್ಲ. ಮುಚ್ಚಳಕ್ಕೆ ಬೀಗವೂ ಇಲ್ಲ, ಹಿಂದಿನ ಗೋಡೆ ಹತ್ತಿದರೆ ಯಾರು ಬೇಕಾದರೂ ತೆಗೆಯಬಹುದು. ಮಕ್ಕಳೂ ಕುಡಿಯುವ ನೀರು. ಅದನ್ನೇ ಹೆಂಡತಿಯ ಹತ್ತಿರ ಹೇಳಿಕೊಂಡು ಬೈದಾಡುತ್ತಿದ್ದೆ. ಜೈಲಿನಲ್ಲೂ ಅದನ್ನೇ ಹೇಳಿದೆ, ಯಾರೂ ಬರೆದುಕೊಳ್ಳಲಿಲ್ಲ." ನೀರಿನ ಲೋಟವನ್ನು ಕೆಳಗಿಟ್ಟ. "ಬೀಗ ಹಾಕಿಸಿದರಾ?"

ತಾಂಡೇಲರು ಆ ಪ್ರಶ್ನೆಯನ್ನು ಕನ್ನಡಕ್ಕೆ ತಂದು ಅಲ್ಲೇ ನಿಂತುಬಿಟ್ಟರು. ನಾನೂ ಬರೆಯುವುದನ್ನು ನಿಲ್ಲಿಸಿದೆ.

"ಹಾಕಿಸಿರೇನ್ರಿ ತಾಂಡೇಲ?"

"ನೋಡ್ಕಂಡು ಬರ್ತೆ ಮೇಡಂ."

ಮೆಟ್ಟಿಲು ಹತ್ತಿ ಹೋದ ಸದ್ದು ಪರದೆಯಲ್ಲಿ ಕೇಳಿಸಿತು. ಹತ್ತು ನಿಮಿಷವಾಯಿತು. ದೊರಿಮ್ ಕಾಯುತ್ತಿದ್ದ, ಯೆಲ್ನಾ ಅವನ ಕೈ ಬಿಟ್ಟಿರಲಿಲ್ಲ. ತಾಂಡೇಲರು ಬಂದರು. ಅಂಗೈಗೆ ತುಕ್ಕು ಮೆತ್ತಿತ್ತು, ಮುಖ ತಗ್ಗಿಸಿದ್ದರು.

"ಇಲ್ಲ ಮೇಡಂ" ಎಂದರು.

"ನನಗ ಹೇಳಬ್ಯಾಡ್ರಿ. ಕೇಳಿದವರಿಗೆ ಹೇಳ್ರಿ."

ಅವರು ದೊರಿಮನ ಕಡೆ ತಿರುಗಿ, ಅವನ ಭಾಷೆಯಲ್ಲಿ, ಹೇಳಿದರು.